ಉಂಡವರ ಲೆಕ್ಕ

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಹನೂರು ಕಡೆಯ ಕಂಡಕ್ಟರುಗಳು ಈಗಲೂ ‘ತಕ್ಕಡಿ ಮೇಡಂ’ ಎನ್ನುತ್ತಾರೆ. ಹೆಗಲಿಗೆ ಕೊಕ್ಕೆ ತಕ್ಕಡಿ ನೇತುಹಾಕಿಕೊಂಡು ಅದೇ ಬಸ್ಸುಗಳಲ್ಲಿ ವರ್ಷಗಟ್ಟಲೆ ಓಡಾಡಿದವಳಿಗೆ ಇನ್ನೇನು ಹೆಸರಿಟ್ಟಾರು? ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಅವರ ಕೀಟಲೆ ಹೆಚ್ಚಾಯಿತು. “ಮೇಡಂ, ನಿಮ್ಗೆ ಫ್ರೀ, ತಕ್ಕಡಿಗೆ ಟಿಕೆಟ್ ತಕಳಿ” ಎಂದು ಒಬ್ಬ ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತಿದ್ದ. ನನಗೆ ಮೂಗಿನ ತುದಿಯಲ್ಲೇ ಕೋಪ. ನಾನು ಸಿಡುಕಿದಷ್ಟೂ ಅವನಿಗೆ ಖುಷಿ.

ನನ್ನ ಕೆಲಸ ತೂಗುವುದು, ಅಳೆಯುವುದು, ಕೇಳಿ ಬರೆದುಕೊಳ್ಳುವುದು. ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ತಾಲ್ಲೂಕಿನ ಜನ ಎಷ್ಟು ನೀರು, ಸೌದೆ, ಕರೆಂಟು, ಡೀಸೆಲ್ ಬಳಸುತ್ತಾರೆ, ಅದನ್ನೆಲ್ಲ ಒದಗಿಸಲು ಎಷ್ಟು ನೆಲ, ಎಷ್ಟು ಕಾಡು ಬೇಕು, ಇರುವುದು ಎಷ್ಟು ಎಂದು ಲೆಕ್ಕ ಹಾಕುವ ಒಂದು ಯೋಜನೆ. ಕಾಗದದ ಮೇಲೆ ಅದಕ್ಕೆ ಪರಿಸರ ಹೆಜ್ಜೆಗುರುತು ಎಂಬ ಹೆಸರು. ನಮ್ಮಮ್ಮನಿಗೆ ಒಂದು ಸಂಜೆ ಪೂರ್ತಿ ಕೂತು ವಿವರಿಸಿದೆ. ಎಲ್ಲ ಕೇಳಿಸಿಕೊಂಡು, “ಹೆಜ್ಜೆ ಅಳೆಯೋಕೂ ಸಂಬಳ ಕೊಡ್ತಾರಾ? ಮೊದ್ಲು ನಿನ್ ಚಪ್ಪಲಿ ಎಷ್ಟು ಸವೀತು ಅಂತ ಬರ್ಕೋ” ಎಂದರು.

ಜನ ನನಗೆ ಕೊಟ್ಟ ಉತ್ತರಗಳನ್ನು ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ. ಕುಂತೂರಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ ಡೀಸೆಲ್ ಎಷ್ಟು ಕುಡಿಯುತ್ತದೆ ಎಂದು ಕೇಳಿದೆ. “ಅದು ಕುಡಿಯದ್ ಏಳ್ತೀನಿ, ನಾ ಕುಡಿಯದ್ ಕೇಳ್ಬ್ಯಾಡಿ” ಎಂದ ಚಾಲಕ. ಮಧುವನಹಳ್ಳಿಯ ರೈತರೊಬ್ಬರನ್ನು ಪಂಪ್ ದಿನಕ್ಕೆ ಎಷ್ಟು ಹೊತ್ತು ಓಡಿಸುತ್ತೀರಿ ಎಂದರೆ, “ಕರೆಂಟ್ ಇರೋಗಂಟ ಕಣ್ರಿ, ಇನ್ನೆಷ್ಟೊತ್ತು?” ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದರು. ಯಳಂದೂರಿನ ಗದ್ದೆ ಬಯಲಿನಲ್ಲಿ ನೀರಿನ ಅಳತೆ ಕೇಳಿದ್ದಕ್ಕೆ ಒಬ್ಬರು ಪಂಚೆ ಎತ್ತಿ ತಮ್ಮ ಮೊಣಕಾಲು ತೋರಿಸಿದರು. ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ? ಆದರೂ ಹೇಗೋ ಬರೆದೆ. ಬಯಲಿನ ಲೆಕ್ಕ ಅಂತೂ ಇಂತೂ ಮುಗಿಯಿತು.

ನನಗೆ ನಿದ್ದೆ ಕೆಡಿಸಿದ್ದು ಬೆಟ್ಟದ ಲೆಕ್ಕ. ಹನೂರಿನಲ್ಲಿ ಬೆಟ್ಟದ ಬಸ್ಸು ಹತ್ತಿ, ನಡುದಾರಿಯಲ್ಲಿ ಇಳಿದು ಒಂದಷ್ಟು ನಡೆದರೆ ಒಂದು ಪೋಡು ಸಿಗುತ್ತದೆ. ಕಾಡಿನ ಜನ ತಮ್ಮ ಹಟ್ಟಿಗೆ ಪೋಡು ಎನ್ನುತ್ತಾರೆ. ಆ ಪೋಡಿನ ಹಿಂದಿನಿಂದ ಒಂದು ಕಾಲುದಾರಿ ಕಾಡಿಗೆ ಹೋಗುತ್ತದೆ. ಹೆಂಗಸರು ಒಣಸೌದೆ ಆಯ್ದು ತರುವುದು ಅದೇ ದಾರಿಯಲ್ಲಿ. ಕಾಡಿನ ಆ ಪಾಲಿನಲ್ಲಿ ವರ್ಷಕ್ಕೆ ಉದುರುವ ಸೌದೆಗಿಂತ ಜನ ಉರಿಸುವುದು ಹೆಚ್ಚು ಎಂದು ನಮ್ಮ ಅಳತೆ ತೋರಿಸಿದರೆ, ಆ ದಾರಿ ಮುಚ್ಚಿ ಜನರನ್ನು ಗ್ಯಾಸಿಗೆ ತಿರುಗಿಸಿ ಎಂದು ಯೋಜನೆ ಕಾಡಿನ ತೀರ್ಮಾನ ಮಾಡುವ ಸಮಿತಿಗೆ ಶಿಫಾರಸು ಮಾಡಬೇಕಿತ್ತು. ಕಾಡಿಗೂ ಒಂದು ಮಿತಿಯಿದೆ, ಅದನ್ನು ಯಾರಾದರೂ ಅಳೆಯಲೇಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸಿಲಿಂಡರ್ ಬರುವುದು ಹನೂರಿನವರೆಗೆ. ಅಲ್ಲಿಂದ ಮೇಲಕ್ಕೆ ಅದನ್ನು ಹೊರುವವರು ಯಾರು ಎಂದು ಶಿಫಾರಸಿನಲ್ಲಿ ಎಲ್ಲೂ ಬರೆದಿರಲಿಲ್ಲ.

ಅಳತೆಗೆ ನನ್ನ ಪಾಲಿಗೆ ಬಂದದ್ದು ಒಬ್ಬ ಅಜ್ಜಿಯ ಮನೆ. ಅಜ್ಜಿ, ಮಗ, ಸೊಸೆ, ಒಂದು ಪುಟ್ಟ ಮೊಮ್ಮಗಳು, ಒಟ್ಟು ನಾಲ್ಕು ಜನ. ಮಗ ಕಾಡಿನ ಬೆಂಕಿ ಕಾಯುವ ಕೆಲಸಕ್ಕೆ ಹೋಗುತ್ತಿದ್ದ. ಮನೆಯ ಮೂಲೆಯಲ್ಲಿ ಒಂದು ಸಿಲಿಂಡರ್ ಇತ್ತು. ಅದಕ್ಕೆ ಹಳೆ ಸೀರೆ ತುಂಡು ಸುತ್ತಿ, ಮೇಲೆ ಕನ್ನಡಿ, ಬಾಚಣಿಗೆ ಇಟ್ಟಿದ್ದರು. ಖಾಲಿಯಾಗಿ ಎಷ್ಟು ದಿನವಾಯಿತು ಎಂದು ಕೇಳಿದೆ. “ಅದು ಬರ್ತಾನೇ ತುಂಬಿ ಬಂದಿತ್ತು, ಆಮ್ಯಾಕೆ ಅದರ ಪಾಡಿಗೆ ಅದು ಅದೆ” ಎಂದರು ಅಜ್ಜಿ. ಅದರ ಮೇಲೆ ಅವರಿಗೇನೂ ಸಿಟ್ಟಿರಲಿಲ್ಲ. ಮನೆಗೆ ಬಂದು ಕೂತ ನೆಂಟರನ್ನು ನೋಡಿಕೊಂಡ ಹಾಗೆ ನೋಡಿಕೊಂಡಿದ್ದರು.

ಅಳೆಯುವ ಕ್ರಮ ಸುಲಭದ್ದು. ಒಂದು ಹೊರೆ ಸೌದೆ ತೂಗಿ, ನೀಲಿ ಹಗ್ಗ ಕಟ್ಟಿ ಇಡುವುದು. ಮನೆಯವರು ಆ ಹೊರೆಯಿಂದ ಮಾತ್ರ ತೆಗೆದು ಉರಿಸಬೇಕು. ಮರುದಿನ ಬಂದು ಉಳಿದದ್ದನ್ನು ತೂಗಿದರೆ ಎಷ್ಟು ಉರಿಯಿತು ಎಂದು ತಿಳಿಯುತ್ತದೆ. ಇದನ್ನು ಅಜ್ಜಿಗೂ ಸೊಸೆಗೂ ಬಿಡಿಸಿ ಹೇಳಿದೆ. ಇಬ್ಬರೂ ಗೋಣಾಡಿಸಿದರು. ಮಾರನೆಯ ದಿನ ಹೋಗಿ ನೋಡಿದರೆ ಹೊರೆ ಕಟ್ಟಿದ ಹಾಗೇ ಇದೆ! ಇಬ್ಬನಿ ಬೀಳದಿರಲಿ ಎಂದು ಮೇಲೆ ಗೋಣಿಚೀಲ ಬೇರೆ ಹೊದಿಸಿದ್ದಾರೆ. ಒಲೆಯಲ್ಲಿ ಬೇರೆ ಸೌದೆ ಧಗಧಗ ಉರಿಯುತ್ತಿದೆ.

“ಇದ್ಯಾಕಜ್ಜಿ ಮುಟ್ಟಿಲ್ಲ?” ಎಂದೆ.

“ನೀ ತೂಗ್ಬುಟ್ಟಿದ್ದೀಯಲ್ಲವ್ವ. ತೂಕ ಆದ್ಮ್ಯಾಕೆ ಅದು ನಮ್ದಾ? ನಿಂದು ಅಂತ ಜ್ವಾಪಾನ ಮಡಗಿವ್ನಿ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆ ಪೋಡಿನವರು ಕಾಡಿನಿಂದ ಜೇನು, ಸೀಗೆಕಾಯಿ, ನೆಲ್ಲಿಕಾಯಿ ತಂದು ಕೊಳ್ಳುವವರ ತಕ್ಕಡಿಗೆ ಹಾಕುತ್ತಾರೆ. ತಕ್ಕಡಿಗೆ ಬಿದ್ದ ಮೇಲೆ ಆ ಪದಾರ್ಥ ಕೊಂಡವರದು. ಅದರಲ್ಲಿ ಒಂದು ನೆಲ್ಲಿಕಾಯಿ ಎತ್ತಿ ಬಾಯಿಗೆ ಹಾಕಿಕೊಳ್ಳುವುದೂ ಮರ್ಯಾದೆಯಲ್ಲ. ನಾನು ತೂಗಿ ಹಗ್ಗ ಕಟ್ಟಿದ ಕೂಡಲೇ ಆ ಸೌದೆ ನನ್ನದಾಗಿ ಹೋಗಿತ್ತು. ಉಳಿದ ಮನೆಗಳಲ್ಲಿ ನನ್ನ ಜೊತೆಗಾರ್ತಿಯರಿಗೂ ಇದೇ ಆಗಿತ್ತು. ಪೋಡಿಗೆ ಪೋಡೇ ನಮ್ಮ ಸೌದೆಗೆ ಕಾವಲು ಕೂತಿತ್ತು. ನಮ್ಮ ಅಳತೆಯ ಪ್ರಕಾರ ಅಲ್ಲಿ ಯಾರೂ ಒಂದು ಕಡ್ಡಿಯನ್ನೂ ಉರಿಸಿರಲಿಲ್ಲ.

ಯೋಜನೆಯ ಮುಖ್ಯಸ್ಥರಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. ಮೈಸೂರಿನವರು. ನಾವೆಲ್ಲ ಸಾರ್ ಎನ್ನುತ್ತಿದ್ದೆವು. ಒಳ್ಳೆಯ ಮನುಷ್ಯ, ಆದರೆ ಅಂಕಿ ಸರಿಬರದಿದ್ದರೆ ಅವರಿಗೆ ಊಟ ಸೇರುವುದಿಲ್ಲ. “ಹಾಗಾದರೆ ನೀವೆಲ್ಲ ಒಂದು ವಾರ ನಿಮ್ಮ ನಿಮ್ಮ ಪಾಲಿನ ಮನೆಯಲ್ಲೇ ಉಳಿದುಕೊಳ್ಳಿ. ಒಲೆಗೆ ಹಾಕುವ ಮುಂಚೆ ನೀವೇ ತೂಗಿ ಕೊಡಿ” ಎಂದರು.

ಆ ವಾರ ನನ್ನ ಬದುಕಿನ ಒಳ್ಳೆಯ ವಾರಗಳಲ್ಲಿ ಒಂದು. ಬೆಳಿಗ್ಗೆ ಏಳುವ ಹೊತ್ತಿಗೆ ನನ್ನ ಸ್ನಾನಕ್ಕೆಂದು ಹಂಡೆ ನೀರು ಕಾದಿರುತ್ತಿತ್ತು. ತಣ್ಣೀರಾದರೂ ನಡೆಯುತ್ತದೆ ಎಂದರೆ, “ಪ್ಯಾಟೆ ಮೈ, ನೆಗಡಿ ಆಯ್ತದೆ” ಎಂದು ಅಜ್ಜಿ ಬಾಯಿ ಮುಚ್ಚಿಸುತ್ತಿದ್ದರು. ಆಮೇಲೆ ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ಮಧ್ಯಾಹ್ನ ಮುದ್ದೆ, ಕಾಡಿನ ಸೊಪ್ಪಿನ ಸಾರು. ರಾತ್ರಿಗೆ ಮತ್ತೆ ಮುದ್ದೆ, ಅವರೆಕಾಳು. ತಕ್ಕಡಿಯವಳು ಬಂದಿದ್ದಾಳಂತೆ ಎಂದು ನೋಡಲು ಪೋಡಿನ ಹೆಂಗಸರೆಲ್ಲ ಬರುತ್ತಿದ್ದರು. ಬಂದವರು ಮೊದಲು ಸೌದೆ ತೂಗಿಸಿ ನೋಡಿದರು, ಆಮೇಲೆ ಕೋಳಿ ತೂಗಿಸಿದರು, ಕೊನೆಗೆ ಒಬ್ಬಳು ತನ್ನ ಕೂಸನ್ನು ಸೀರೆಯ ಜೋಲಿಯಲ್ಲಿ ಕಟ್ಟಿ ಕೊಕ್ಕೆಗೆ ತಂದಳು. ಕೂಸು ತಕ್ಕಡಿಯಲ್ಲಿ ಜೋತಾಡುತ್ತಾ ನಗುತ್ತಿತ್ತು. ಬಂದವರನ್ನು ಅಜ್ಜಿ ಟೀ ಕೊಡದೆ ಕಳಿಸುತ್ತಿರಲಿಲ್ಲ. ಊಟದ ಹೊತ್ತಿಗೆ ಇದ್ದವರು ಉಂಡೇ ಹೋಗುತ್ತಿದ್ದರು. ಆ ಒಲೆ ತಣ್ಣಗಾದದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ. ಸೌದೆಯನ್ನು ತೂಗಿ ತೂಗಿ ಕೊಟ್ಟೆ, ಬೆಂದದ್ದನ್ನು ನಾಚಿಕೆಯಿಲ್ಲದೆ ಉಂಡೆ. ಅಜ್ಜಿಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ವಾರದಲ್ಲಿ. ಮುದ್ದೆ ಕಟ್ಟಿ ತಟ್ಟೆಗೆ ಹಾಕುವಾಗ ಅವರು ಒಂದು ಸಲ ನನ್ನ ಮುಖ ನೋಡುತ್ತಿದ್ದರು. ಹಸಿವು ಎಷ್ಟಿದೆ ಎಂದು ಅದರಲ್ಲೇ ತಿಳಿಯುತ್ತಿತ್ತೋ ಏನೋ, ಇನ್ನೊಂದು ಮುದ್ದೆ ಬೇಕೇ ಎಂದು ಕೇಳಿದ್ದೇ ಇಲ್ಲ. ತಾವಾಗಿಯೇ ಹಾಕುತ್ತಿದ್ದರು.

ಕೊಳ್ಳೇಗಾಲಕ್ಕೆ ಇಳಿದು ಲೆಕ್ಕ ಕೊಟ್ಟ ಕೆಲವೇ ದಿನಕ್ಕೆ ಸಾರ್ ನಕ್ಷೆ ಬಿಡಿಸಿದರು. ಮಿತಿಯೊಳಗಿರುವ ಊರಿಗೆ ಹಸಿರು, ಮಿತಿಯ ಅಂಚಿಗೆ ಹಳದಿ, ಮೀರಿದ್ದಕ್ಕೆ ಕೆಂಪು. ಅಜ್ಜಿಯ ಪೋಡು ಕುಂಕುಮ ಚೆಲ್ಲಿದ ಹಾಗೆ ಕೆಂಪಗಿತ್ತು.

“ತಲೆಗೆ ಇಷ್ಟೊಂದು ಸೌದೆ ಈ ಜಿಲ್ಲೆಯಲ್ಲೇ ಯಾರೂ ಉರಿಸುವುದಿಲ್ಲ” ಎಂದರು ಸಾರ್. “ಇನ್ನು ಹೇಳುವುದೇನಿದೆ? ದಾರಿ ಮುಚ್ಚಿ ಅಂತ ಬರೆಯಬೇಕಾಗುತ್ತೆ.”

ಇಷ್ಟೊಂದು ಯಾಕೆ ಬಂತು ಎಂದು ಯೋಚಿಸಿದರೆ ಹಂಡೆ ನೀರು, ಟೀ, ಎರಡನೇ ಮುದ್ದೆ ಎಲ್ಲ ಕಣ್ಣ ಮುಂದೆ ಬಂದವು. “ಸಾರ್, ಅಲ್ಲಿ ನಮಗೇ ಬೇಯಿಸಿ ಹಾಕಿದ್ದಾರೆ. ನೆಂಟರ ವಾರ ಅದು, ಅವರ ಮಾಮೂಲಿ ವಾರ ಅಲ್ಲ” ಎಂದೆ.

“ಹಾಗಾದರೆ ಊಟ ಮಾಡದೆ ತೂಗಿಕೊಂಡು ಬನ್ನಿ. ಬುತ್ತಿ ಕಟ್ಟಿಕೊಂಡು ಹೋಗಿ. ಸಮಿತಿಯ ಸಭೆಗೆ ಇನ್ನೂ ಸಮಯ ಇದೆ.”

ಅಮ್ಮನ ಕೈಯಲ್ಲಿ ಪುಳಿಯೋಗರೆ ಮಾಡಿಸಿಕೊಂಡು, ಡಬ್ಬಿ ತುಂಬಿಸಿಕೊಂಡು ಹೋದೆ. ಅಜ್ಜಿ ನನ್ನನ್ನು ಕಂಡು ಎದ್ದು ಬಂದರು. ಹೊಸ್ತಿಲಾಚೆಯೇ ನಿಂತು, ಈ ಸಲ ನನಗೆ ಏನೂ ಬೇಡ, ನೀರೂ ಬೇಡ, ನೀವು ಮನೆಯವರಿಗೆ ಎಷ್ಟು ಬೇಕೋ ಅಷ್ಟೇ ಮಾಡಿಕೊಳ್ಳಿ ಎಂದು ಹೇಳಿದೆ. ಸೌದೆ ತೂಗಿ ಒಲೆಯ ಪಕ್ಕ ಇಟ್ಟು ಬಂದೆ. ಮಧ್ಯಾಹ್ನವಾಯಿತು. ಹೊರಗಿನ ಕಲ್ಲಿನ ಮೇಲೆ ಕೂತು ಡಬ್ಬಿ ಬಿಚ್ಚಿದೆ. ಸೂರಿನಲ್ಲಿ ಹೊಗೆ ಕಾಣಲಿಲ್ಲ. ಸಂಜೆಯಾದರೂ ಹೊಗೆಯಿಲ್ಲ. ಸೊಸೆ ಮಗುವನ್ನು ಎತ್ತಿಕೊಂಡು ಪಕ್ಕದ ಮನೆಗೆ ಹೋಗಿ ಉಣಿಸಿಕೊಂಡು ಬಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಒಳಗೆ ಹೋಗಿ ನೋಡಿದರೆ ಅಜ್ಜಿ ತಣ್ಣನೆ ಒಲೆಯ ಮುಂದೆ ಕೂತಿದ್ದಾರೆ.

“ಯಾಕಜ್ಜಿ ಅಡುಗೆ ಮಾಡಿಲ್ಲ?”

“ಬಾಗಿಲ್ ಮುಂದೆ ಒಬ್ಳು ಕಟ್ಕಂಡ್ ಬಂದ ಬುತ್ತಿ ಬಿಚ್ಕಂಡ್ ಕುಂತವ್ಳೆ. ನಾ ಒಳ್ಗಡೆ ಒಲೆ ಹಚ್ಕಂಡ್ ಉಣ್ಲಾ? ನಂಗ್ ಗಂಟ್ಲಲ್ ಇಳ್ದದಾ?”

ಮೊದಲ ಸಲ ಸೊನ್ನೆ, ಎರಡನೇ ಸಲ ಬೆಟ್ಟದಷ್ಟು, ಈಗ ಮತ್ತೆ ಸೊನ್ನೆ! ನನ್ನ ತಲೆ ಕೆಟ್ಟಿತು. ಹಿರಿಯರ ಮುಂದೆ ದನಿ ಏರಿಸಬಾರದು ಎನ್ನುವುದೂ ಮರೆತು ಕೂಗಾಡಿಬಿಟ್ಟೆ.

“ನಿಮಗೆ ಅರ್ಥ ಆಗಲ್ವಾ ಅಜ್ಜಿ? ಜಾಸ್ತಿ ಉರಿಸ್ತೀರ ಅಂತ ಬಂದಿದೆ. ಕಾಡಿನ ದಾರಿ ಮುಚ್ಚಿಬಿಡ್ತಾರೆ. ನನಗೆ ನೀರು ಕಾಯಿಸಿ, ಬಂದೋರಿಗೆಲ್ಲ ಟೀ ಕಾಯಿಸಿ, ಮುದ್ದೆ ಮಾಡಿ ಹಾಕಿ, ಅಷ್ಟೂ ಸೌದೆ ನಿಮ್ಮ ನಾಲ್ಕು ಜನದ ತಲೆ ಮೇಲೆ ಕೂತಿದೆ!”

ದಾರಿ ಮುಚ್ಚುತ್ತಾರೆ ಎಂದ ಕೂಡಲೇ ಬಾಗಿಲಲ್ಲಿದ್ದ ಸೊಸೆ ಮಗುವನ್ನು ಕೆಳಗಿಳಿಸಿ ಒಳಗೆ ಬಂದಳು. “ಸೌದೆಗೆ ಇನ್ನೆಲ್ಲಿಗೆ ಓಗದು ನಾವು?” ಎಂದಳು. ಅಜ್ಜಿ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು.

“ನಾಕ್ ಜನ ಯಾಕವ್ವ?” ಎಂದರು. “ನೀ ಉಣ್ನಿಲ್ವಾ?”

“ನಾನು ಉಂಡೆ. ಆದರೆ ನಾನು ಮನೆಯವಳಲ್ವಲ್ಲ. ರೇಷನ್ ಕಾರ್ಡಿನಲ್ಲಿ ಇರೋರನ್ನ ಮಾತ್ರ ಬರೀಬೇಕು.”

ಅಜ್ಜಿಯ ಮುಖ ಬಾಡಿಹೋಯಿತು. ದಾರಿಯ ಸುದ್ದಿ ಕೇಳಿದಾಗಲೂ ಅವರ ಮುಖ ಹಾಗಾಗಿರಲಿಲ್ಲ. “ಒಂದ್ ವಾರ ನನ್ ಕೈಲಿ ಉಂಡು, ಉಂಡೇ ಇಲ್ಲ ಅಂತ ಬರ್ಕಂಡ್ ಓದ್ಯಾ?” ಎಂದರು. ದನಿ ಸಣ್ಣಗಿತ್ತು. “ನನ್ ಮನೆ ಅನ್ನ ಅಷ್ಟು ಬ್ಯಾಡ್ವಾಯ್ತಾ ನಿಂಗೆ?”

ಅವರು ಲೆಕ್ಕ ತಿದ್ದಲು ಹೇಳಿದ ಮಾತಲ್ಲ ಅದು. ಅವರಿಗೆ ಲೆಕ್ಕದ ಗೊಡವೆಯೇ ಇರಲಿಲ್ಲ. ಉಣಿಸಿದ್ದನ್ನು ಇಲ್ಲವೆಂದ ನೋವು ಅಷ್ಟೇ. ಆದರೆ ಅದನ್ನು ಕೇಳಿದ ಮೇಲೆ ನನ್ನ ಲೆಕ್ಕದ ತಪ್ಪು ನನಗೆ ಕಂಡಿತು. ಆ ಸೌದೆ ಬೇಯಿಸಿದ್ದು ಉಂಡವರಿಗೆ. ಹಾಗಿದ್ದಮೇಲೆ ಅದನ್ನು ಭಾಗ ಮಾಡಬೇಕಾದದ್ದು ಉಂಡವರ ನಡುವೆ. ನಾನು ಅಲ್ಲಿ ಉಂಡ ವಾರ ಕೊಳ್ಳೇಗಾಲದಲ್ಲಿ ಅಮ್ಮ ತಮ್ಮೊಬ್ಬರಿಗೇ ಕುಕ್ಕರ್ ಇಡುತ್ತಿದ್ದರು. ಪಕ್ಕದ ಮನೆಯವರು ಅಜ್ಜಿಯ ಮನೆಯಲ್ಲಿ ಉಂಡ ಹೊತ್ತು ಅವರ ಒಲೆ ಹೊಗೆಯಾಡಿರಲಿಲ್ಲ. ನೆಂಟರ ವಾರ, ಮಾಮೂಲಿ ವಾರ ಎಂದು ನಾನು ಸಾರ್ ಮುಂದೆ ವಾದಿಸಿದ್ದೆ. ಆ ಮನೆಯಲ್ಲಿ ನೆಂಟರಿಲ್ಲದ ವಾರ ಎಂಬುದೇ ಇಲ್ಲ ಎಂದು ಆಗ ಹೊಳೆಯಿತು.

“ತಪ್ಪಾಯ್ತು ಅಜ್ಜಿ, ಹಸಿವಾಗಿದೆ” ಎಂದೆ. ಪುಳಿಯೋಗರೆ ತಿಂದು ಹೊಟ್ಟೆ ಬಿರಿಯುವ ಹಾಗಿತ್ತು. ಅಷ್ಟಕ್ಕೇ ಅವರು ಎದ್ದು ಒಲೆ ಹಚ್ಚಿದರು. ಸೊಸೆ ಹಿಟ್ಟು ತಂದಳು. ನಾನು ಸೌದೆ ತೂಗಿ ಕೊಟ್ಟೆ. ಉಂಡು ಕೈ ತೊಳೆದು, ಉಂಡವರ ಹೆಸರುಗಳನ್ನು ಅಜ್ಜಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳುತ್ತಾ ಬರೆದುಕೊಂಡೆ. ನನ್ನ ಹೆಸರು ಬಂದಾಗ ಅವರು, “ಊಂ, ಅದ ಬರಿ ಮೊದ್ಲು” ಎಂದರು.

ಕೊಳ್ಳೇಗಾಲಕ್ಕೆ ಬಂದು, ಸೌದೆಯನ್ನು ಉಂಡವರ ತಲೆಗೆ ಭಾಗಿಸಿದ ಲೆಕ್ಕ ಮುಂದಿಟ್ಟರೆ ಸಾರ್ ಒಪ್ಪಲಿಲ್ಲ. ನಾಲ್ಕು ಜನದ ಮನೆಯಲ್ಲಿ ದಿನಾ ಅಷ್ಟೊಂದು ಜನ ಉಣ್ಣುತ್ತಾರೆ ಎಂದರೆ ಯಾರು ನಂಬುತ್ತಾರೆ, ಪ್ರೀತಿಗೆ ಬಿದ್ದು ಅಂಕಿ ಇಳಿಸುತ್ತಿದ್ದೀರಿ ಎಂದರು. ನನಗೆ ಪಿತ್ತ ನೆತ್ತಿಗೇರಿತು. “ನೀವೇ ಬಂದು ನೋಡಿ ಸಾರ್” ಎಂದೆ. ಮಾತು ಕೊಟ್ಟರೆ ತಪ್ಪುವವರಲ್ಲ, ಬಂದೇ ಬಂದರು. ಬೆಟ್ಟ ಹತ್ತುವ ದಾರಿಯಲ್ಲೇ, ನಾನು ನೋಡಿಕೊಂಡು ಹೊರಡುತ್ತೇನೆ, ಊಟಗೀಟ ಎಲ್ಲ ಬೇಡ ಎಂದು ಎರಡು ಸಲ ಹೇಳಿದರು. ಅಜ್ಜಿ ಚಾಪೆ ಹಾಸಿದರು. ಸಾರ್ ನಿಂತುಕೊಂಡೇ ಪ್ರಶ್ನೆ ಕೇಳತೊಡಗಿದರು. “ಕುಂತ್ಕಳಿ ಸಾ, ನಿಂತ್ಕಂಡ್ ಮಾತಾಡಕೆ ಇದೇನ್ ಆಪೀಸಾ?” ಎಂದರು ಅಜ್ಜಿ. ಸಾರ್ ಕೂತರು. ಕೂತ ಮೇಲೆ ತಟ್ಟೆ ಬಂತು. ತಟ್ಟೆ ಬಂದ ಮೇಲೆ ಮುದ್ದೆ ಬಂತು. ಮೈಸೂರಿನವರು ಮುದ್ದೆಯನ್ನು ಎಲ್ಲಿಂದ ಮುರಿಯಬೇಕೆಂದು ಒಂದು ಕ್ಷಣ ನೋಡಿ, ಆಮೇಲೆ ತಲೆ ಬಗ್ಗಿಸಿ ಉಣ್ಣತೊಡಗಿದರು. ಅಷ್ಟರಲ್ಲಿ ಪಕ್ಕದ ಮನೆಯ ಇಬ್ಬರು, ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕ ಬಂದು ಸಾಲಿಗೆ ಕೂತರು. ಅಜ್ಜಿ ನನ್ನ ಕಡೆ ತಿರುಗಿ, “ಸಾವ್ಕಾರ್ನೂ ಬರ್ಕಳವ್ವ, ಮರ್ತ್ಬುಟ್ಟೀಯ” ಎಂದರು. ಸಾರ್ ಕೆಮ್ಮಿದರು. ನಾನು ಬರೆದುಕೊಂಡೆ.

ಅಲ್ಲಿಂದ ಎಲ್ಲ ಪೋಡುಗಳಲ್ಲೂ ಮತ್ತೆ ತೂಗಿದೆವು, ಈ ಸಲ ಉಂಡವರನ್ನು ಬರೆದುಕೊಂಡು. ಸಮಿತಿಯ ಸಭೆ ನಡೆದದ್ದು ಕೊಳ್ಳೇಗಾಲದಲ್ಲೇ. ಹಿರಿಯ ಸದಸ್ಯರೊಬ್ಬರು ಕಾಗದ ತಿರುವಿ, ಸರಿಯಾಗಿ ಅಜ್ಜಿಯ ಮನೆಯ ಮೇಲೆಯೇ ಬೆರಳಿಟ್ಟರು. “ಮನೆಯವರು ನಾಲ್ಕೇ ಜನ. ಉಂಡವರು ಅದರ ಎರಡರಷ್ಟಿದ್ದಾರೆ. ಯಾರ್ರೀ ಇವರೆಲ್ಲ? ಇದನ್ನು ನಂಬಿಕೊಂಡು ನಾವು ಕಾಡಿನ ವಿಷಯ ತೀರ್ಮಾನ ಮಾಡೋದಾ?”

ಬಾಯಿ ತೆರೆದರೆ ಜಗಳವಾಡಿಬಿಡುತ್ತೇನೆ ಎಂದು ಸೆರಗು ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಸಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅವರಲ್ಲಿ ಒಬ್ಬ ನಾನು” ಎಂದರು. “ಬೇಡ ಅಂತ ಹೇಳಿಕೊಂಡೇ ಹೋಗಿದ್ದೆ. ಎರಡು ಮುದ್ದೆ ಉಂಡು ಬಂದೆ.”

ಸಭೆ ನಕ್ಕಿತು. ಸಾರ್ ನಗಲಿಲ್ಲ. ಒಂದೊಂದು ಮನೆಯ ಲೆಕ್ಕವನ್ನೂ ಬಿಡಿಸಿ ಹೇಳಿದರು. ಆ ಮಧ್ಯಾಹ್ನ ಪೂರ್ತಿ ಹೇಳಿದರು. ಅವರ ಮೇಲೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಹರಿಹಾಯ್ದಿದ್ದೆನೋ, ಅಷ್ಟೂ ಸಲ ಆ ದಿನ ಅವರ ಕಾಲು ಮುಟ್ಟಬೇಕು ಅನ್ನಿಸಿತು. ಪೋಡು ಹಳದಿಗೆ ಬಂತು. ಹಸಿರೇನೂ ಆಗಲಿಲ್ಲ, ಮಿತಿಯ ಅಂಚಿನಲ್ಲೇ ಇದೆ. ದಾರಿ ಮುಚ್ಚಿ ಎನ್ನುವ ಸಾಲು ಶಿಫಾರಸಿನಿಂದ ಹೋಯಿತು. ಕೆಲವು ವರ್ಷಗಳ ನಂತರ ಮತ್ತೆ ಅಳೆಯಬೇಕು ಎಂಬ ಸಾಲು ಸೇರಿತು.

ಸುದ್ದಿ ಹೇಳಲು ನಾನೇ ಬೆಟ್ಟಕ್ಕೆ ಹೋದೆ. ಅಜ್ಜಿ, ಸೊಸೆ ಇಬ್ಬರೂ ಆಗಷ್ಟೇ ಕಾಡಿನಿಂದ ಬಂದು ಹೊರೆ ಇಳಿಸುತ್ತಿದ್ದರು. ದಾರಿ ಮುಚ್ಚುವುದಿಲ್ಲ ಎಂದೆ. ಸೊಸೆ ತಲೆಹೊರೆಯ ಸಿಂಬಿಯ ಬಟ್ಟೆಯಿಂದಲೇ ಕಣ್ಣು ಒರೆಸಿಕೊಂಡಳು.

“ಇನ್ ಯಾವತ್ತೂ ಮುಚ್ಚಕಿಲ್ವಾ?” ಎಂದು ಅಜ್ಜಿ ಕೇಳಿದರು.

ಇಲ್ಲ ಎಂದುಬಿಡಬಹುದಿತ್ತು. ಆ ಮುಖ ನೋಡಿಕೊಂಡು ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಮುಂದಿನ ಅಳತೆವರೆಗೆ ಮುಚ್ಚಲ್ಲ ಅಜ್ಜಿ. ಆಮೇಲೆ ಮತ್ತೆ ಬಂದು ಅಳೀತಾರೆ.”

“ಆಗ್ಲೂ ನೀನೇ ಬತ್ತೀಯಾ?”

ಯೋಜನೆ ಮುಗಿದರೆ ನನ್ನ ಕೆಲಸವೂ ಮುಗಿಯುತ್ತದೆ. “ಗೊತ್ತಿಲ್ಲ ಅಜ್ಜಿ. ಬೇರೆ ಯಾರಾದ್ರೂ ಬರಬಹುದು” ಎಂದೆ.

ಅಜ್ಜಿ ಹೊರೆಯಿಂದ ನಾಲ್ಕು ಕಡ್ಡಿ ಎಳೆದುಕೊಂಡು ಒಳಗೆ ಹೊರಟವರು ಬಾಗಿಲಲ್ಲಿ ನಿಂತರು. “ಬರೋರ್ಗೆ ಏಳ್ಬುಡವ್ವ” ಎಂದರು. “ಇಲ್ಲಿ ಉಣ್ಬೇಕು, ಉಂಡದ್ನ ಬರೀಬೇಕು ಅಂತ.”

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಬರುವವರು ಯಾರೋ, ಎಲ್ಲಿಯವರೋ ನನಗೆ ತಿಳಿಯದು. ಅದಕ್ಕೇ ಇಲ್ಲಿ ಬರೆದಿದ್ದೇನೆ. ನೀವು ಯಾರಾದರೂ ಆಗಿರಿ, ತಕ್ಕಡಿ ಹಿಡಿದು ಆ ಪೋಡಿಗೆ ಹೋದರೆ ಅಜ್ಜಿ ಚಾಪೆ ಹಾಸುತ್ತಾರೆ, ಕೂತು ಉಣ್ಣಿ. ಉಂಡದ್ದನ್ನು ಬರೆದುಕೊಳ್ಳಿ.